969ರಿಂದ 70ಕ್ಕೆ: ಬೈಬಲಿನಲ್ಲಿ ಮನುಷ್ಯನ ಆಯುಸ್ಸು ಇಳಿದ ಬಗೆ

ಆದಿಕಾಂಡದ ಐದನೆಯ ಅಧ್ಯಾಯದಲ್ಲಿ ಕಥೆಯಿಲ್ಲ, ವಂಶಾವಳಿ ಇದೆ. ಆದಾಮನಿಂದ ನೋಹನವರೆಗಿನ ಹತ್ತು ತಲೆಮಾರುಗಳಲ್ಲಿ ಒಬ್ಬೊಬ್ಬನಿಗೂ ಮಗ ಹುಟ್ಟಿದಾಗ ಎಷ್ಟು ವಯಸ್ಸು, ಆಮೇಲೆ ಎಷ್ಟು ವರ್ಷ ಬದುಕಿದ, ಒಟ್ಟು ಆಯುಸ್ಸು ಎಷ್ಟು ಎಂಬ ಲೆಕ್ಕ ಅಲ್ಲಿದೆ. ಆದಾಮನಿಗೆ 930, ಸೇಥನಿಗೆ 912, ಯೆರೆದನಿಗೆ 962, ಮೆತೂಷೆಲಹನಿಗೆ 969, ನೋಹನಿಗೆ 950 (ಅವನೊಬ್ಬನ ಮೊತ್ತ ಮಾತ್ರ ಒಂಬತ್ತನೆಯ ಅಧ್ಯಾಯದಲ್ಲಿದೆ). ಜಲಪ್ರಳಯ ಕಳೆದ ಮೇಲೆ ಹನ್ನೊಂದನೆಯ ಅಧ್ಯಾಯದಲ್ಲಿ ಮತ್ತೊಂದು ವಂಶಾವಳಿ ಬರುತ್ತದೆ. ಅದರಲ್ಲಿ ಶೇಮನಿಗೆ 600, ಅವನ ಮಗ ಅರ್ಪಕ್ಷದನಿಗೆ 438, ಪೆಲೆಗನಿಗೆ 239, ನಾಹೋರನಿಗೆ 148. ಅಬ್ರಹಾಮ 175ಕ್ಕೆ ತೀರಿಕೊಂಡ, ಮೋಶೆ 120ಕ್ಕೆ, ದಾವೀದ 70ಕ್ಕೆ. ಈ ಇಳಿತಕ್ಕೆ ಕಾರಣವೇನು ಎಂದು ಎರಡು ಸಾವಿರ ವರ್ಷಗಳಿಂದ ಯೆಹೂದಿ, ಕ್ರೈಸ್ತ ವಿದ್ವಾಂಸರು ಕೇಳುತ್ತಲೇ ಬಂದಿದ್ದಾರೆ.

ಉತ್ತರಗಳಿಗೆ ಹೋಗುವ ಮೊದಲು ಮೂಲವನ್ನೇ ನಿಧಾನವಾಗಿ ನೋಡಬೇಕು. ಐದನೆಯ ಅಧ್ಯಾಯ ಲೆಮೆಕನವರೆಗೆ ಪ್ರತಿಯೊಬ್ಬನ ಒಟ್ಟು ಆಯುಸ್ಸನ್ನು ತಾನೇ ಕೂಡಿಸಿ ಹೇಳಿ, ಅವನು ಸತ್ತನೆಂದು ಮುಗಿಸುತ್ತದೆ. ದೇವರು ಕರೆದುಕೊಂಡ ಹನೋಕನೊಬ್ಬನಿಗೆ ಮಾತ್ರ ಆ ಮುಕ್ತಾಯವಿಲ್ಲ. ಹನ್ನೊಂದನೆಯ ಅಧ್ಯಾಯದ ಹೀಬ್ರೂ ಪಾಠದಲ್ಲಿ ಶೇಮನಿಂದ ನಾಹೋರನವರೆಗೆ ಒಟ್ಟು ಮೊತ್ತವೂ ಇಲ್ಲ, ಸತ್ತನೆಂಬ ಮಾತೂ ಇಲ್ಲ. ಅರ್ಪಕ್ಷದನ 438 ವರ್ಷ ಓದುಗನೇ ಕೂಡಿಸಿ ತೆಗೆಯಬೇಕಾದ ಲೆಕ್ಕ. ಅಂದರೆ ಆಯುಸ್ಸು ಇಳಿಯತೊಡಗುವ ಜಾಗದಲ್ಲೇ ಗ್ರಂಥ ಆಯುಸ್ಸಿನ ಬಗ್ಗೆ ಮೌನ ತಾಳುತ್ತದೆ. ಕಾರಣ ಹೇಳುವುದಂತೂ ದೂರದ ಮಾತು. ಇದುವರೆಗೆ ಬಂದ ಕಾರಣಗಳೆಲ್ಲ ಓದುಗರು ಆ ಮೌನದೊಳಗೆ ತುಂಬಿದವು. ಅವು ಆಯಾ ಕಾಲದ ವೈದ್ಯ, ಭೂಗೋಳ, ನೀತಿಗಳ ಬಗ್ಗೆ ಹೇಳುವಷ್ಟನ್ನು ಆದಿಕಾಂಡದ ಬಗ್ಗೆ ಹೇಳುವುದಿಲ್ಲ ಎಂಬುದು ಈ ಲೇಖನದ ವಾದ.

ಕಾರಣದ ಹತ್ತಿರ ಬರುವ ವಾಕ್ಯ ಒಂದಿದೆ. ಆದಿಕಾಂಡ 6:3ರಲ್ಲಿ ದೇವರು ಮನುಷ್ಯನ ದಿನಗಳಿಗೆ 120 ವರ್ಷದ ಮಿತಿ ಹಾಕುತ್ತಾನೆ. ಇದು ಆಯುಸ್ಸಿನ ಮಿತಿಯಾದರೆ ಆಮೇಲೆ ಹುಟ್ಟಿದ ಶೆಲಹ 433 ವರ್ಷ, ಏಬೆರ್ 464 ವರ್ಷ ಬದುಕಿದ್ದು ಹೇಗೆ? ಈ ತೊಡಕಿನಿಂದ ಪಾರಾಗಲು ಅರಮೇಯಿಕ್ ಭಾಷೆಯ ಅನುವಾದವಾದ ಒಂಕೆಲೋಸ್ ತರ್ಗುಮ್ 120 ವರ್ಷವನ್ನು ಪ್ರಳಯಕ್ಕೆ ಮುಂಚೆ ಪಶ್ಚಾತ್ತಾಪಕ್ಕೆ ಕೊಟ್ಟ ಗಡುವೆಂದು ಓದಿತು. ಕ್ರೈಸ್ತ ಧರ್ಮಾಚಾರ್ಯ ಆಗಸ್ಟೀನನೂ ಆ ದಾರಿಯನ್ನೇ ಹಿಡಿದ. ಇನ್ನು 90ನೆಯ ಕೀರ್ತನೆ 70 ವರ್ಷ, ಬಲವಿದ್ದರೆ 80 ಎಂದು ಹೇಳುತ್ತದೆ. ಅದು ಬದುಕಿನ ಅಲ್ಪತೆಯ ಪ್ರಾರ್ಥನೆಯೇ ಹೊರತು ಇಳಿತದ ಇತಿಹಾಸವಲ್ಲ. ಇಳಿಕೆಯ ಅರಿವು ಪಾತ್ರವೊಂದರ ಬಾಯಲ್ಲಿ ಸ್ಪಷ್ಟವಾಗಿ ಬರುವುದು ಆದಿಕಾಂಡ 47ರಲ್ಲಿ. 130 ವರ್ಷದ ಯಾಕೋಬ ಫರೋಹನ ಮುಂದೆ ನಿಂತು, ತನ್ನ ದಿನಗಳು ಕೆಲವೇ, ಕಷ್ಟದವು, ಪಿತೃಗಳ ದಿನಗಳಿಗೆ ಸಮವಲ್ಲ ಎನ್ನುತ್ತಾನೆ. ಅವನೂ ಏಕೆ ಎಂದು ಹೇಳುವುದಿಲ್ಲ.

ಕಾರಣವನ್ನು ಮೊದಲು ಬಾಯಿಬಿಟ್ಟು ಹೇಳಿದ ಕೃತಿಗಳಲ್ಲಿ ಕ್ರಿಸ್ತಪೂರ್ವ 2ನೆಯ ಶತಮಾನದ ‘ಜ್ಯುಬಿಲಿಗಳ ಗ್ರಂಥ’ ಮುಖ್ಯವಾದದ್ದು. ಪ್ರಾಚೀನರ ಆಯುಸ್ಸು 19 ಜ್ಯುಬಿಲಿ, ಜ್ಯುಬಿಲಿಗೆ 49 ವರ್ಷದಂತೆ 931 ವರ್ಷ. ಪ್ರಳಯದ ನಂತರ ಜನರ ದುಷ್ಟತನದಿಂದ ಅದು ಕುಗ್ಗಿತು, ಮುಪ್ಪು ಬೇಗ ಬಂತು ಎಂಬುದು ಅದರ ನಿಲುವು. ಸಾವಿರ ವರ್ಷ ದೇವರಿಗೆ ಒಂದು ದಿನ. ಹಣ್ಣು ತಿಂದ ದಿನವೇ ಸಾಯುವೆ ಎಂಬ ಎಚ್ಚರಿಕೆ ಸುಳ್ಳಾಗಬಾರದೆಂದೇ ಆದಾಮ ಸಾವಿರಕ್ಕೆ 70 ವರ್ಷ ಕಡಿಮೆ ಇರುವಾಗ ಸತ್ತನೆಂದೂ ಅದು ಲೆಕ್ಕ ಹಾಕುತ್ತದೆ. ಆ 70 ವರ್ಷವನ್ನು ಮುಂದಿನ ಯೆಹೂದಿ ವ್ಯಾಖ್ಯಾನಗಳ ಮಿದ್ರಾಷ್ ಪರಂಪರೆ ಬೇರೆ ರೀತಿ ಕಂಡಿತು. ಹುಟ್ಟಿದೊಡನೆ ಸಾಯಬೇಕಿದ್ದ ದಾವೀದನಿಗೆ ಆದಾಮನೇ ತನ್ನ ಸಾವಿರದಲ್ಲಿ 70 ವರ್ಷವನ್ನು ದಾನ ಮಾಡಿದನಂತೆ. ಆದಾಮನ 930, ದಾವೀದನ 70 ಒಂದೇ ಕಥೆಯಲ್ಲಿ ಕೂಡಿ ಸಾವಿರವಾಗುವ ಈ ಕಲ್ಪನೆ, ಇಳಿತವನ್ನು ಶಾಪವೆನ್ನದೆ ಕೊಡುಗೆ ಎನ್ನುವ ಅಪರೂಪದ ಉತ್ತರ. ಇದಕ್ಕಿಂತ ಸುಂದರವಾದುದನ್ನು ಈ ವಿಷಯದ ಸಾಹಿತ್ಯದಲ್ಲಿ ನಾನು ಕಂಡಿಲ್ಲ.

ಕ್ರಿಸ್ತಶಕ 1ನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ರೋಮಿನ ಓದುಗರಿಗಾಗಿ ಬರೆದವನು. ಪೂರ್ವಿಕರು ದೇವರಿಗೆ ಪ್ರಿಯರಾಗಿದ್ದರು, ಅವರ ಆಹಾರ ದೀರ್ಘಾಯುಸ್ಸಿಗೆ ಒಗ್ಗುವಂಥದ್ದಾಗಿತ್ತು ಎಂದ. ಇನ್ನೂ ಒಂದು ಕಾರಣ ಸೇರಿಸಿದ: ಗ್ರಹನಕ್ಷತ್ರಗಳ ‘ಮಹಾವರ್ಷ’ ಪೂರ್ತಿಯಾಗಲು 600 ವರ್ಷ ಬೇಕು, ಅಷ್ಟು ಬದುಕದಿದ್ದರೆ ಖಗೋಳಶಾಸ್ತ್ರ ಕೈಗೆ ಬರುತ್ತಿರಲಿಲ್ಲ. ಬಾಬಿಲೋನಿನ ಬೆರೋಸಸ್, ಈಜಿಪ್ಟಿನ ಮನೆಥೋ, ಗ್ರೀಕ್ ಕವಿ ಹೆಸಿಯಡ್ ಮೊದಲಾದವರನ್ನು ಸಾಕ್ಷಿಗೆ ಕರೆದು, ಕೊನೆಗೆ ಓದುಗರು ತಮಗೆ ತೋಚಿದಂತೆ ತೀರ್ಮಾನಿಸಲಿ ಎಂದುಬಿಟ್ಟ.

ಆಗಸ್ಟೀನ್ ಹಾಗೆ ಬಿಡುವವನಲ್ಲ. ‘ದೇವನಗರ’ದ 15ನೆಯ ಭಾಗದಲ್ಲಿ ಅವನು ಈ ಅಂಕಿಗಳನ್ನು ಹಿಡಿದು ಕೂತ ರೀತಿ ಇಂದಿಗೂ ಸಂಶೋಧಕರಿಗೆ ಪಾಠವಾಗಬಲ್ಲದು. ಆ ಕಾಲದ ಕೆಲವರು ಅಂದಿನ ಒಂದು ವರ್ಷ ಈಗಿನ ವರ್ಷದ ಹತ್ತನೆಯ ಒಂದು ಪಾಲು, ಅಂದರೆ 36 ದಿನ ಎನ್ನುತ್ತಿದ್ದರು. ಹಾಗೆ ನೋಡಿದರೆ ಮೆತೂಷೆಲಹನ ಆಯುಸ್ಸು ಸುಮಾರು 97ಕ್ಕೆ ಇಳಿದು ನಂಬಲು ಹಗುರವಾಗುತ್ತದೆ. ಆಗಸ್ಟೀನ್ ಅದೇ ಭಾಗಾಕಾರವನ್ನು ಅಪ್ಪನಾದ ವಯಸ್ಸಿಗೂ ಹಚ್ಚಿದ. ಹೀಬ್ರೂ ಪಾಠದಲ್ಲಿ ಕೇನಾನನಿಗೆ ಮಗ ಹುಟ್ಟಿದ್ದು 70ರಲ್ಲಿ. ಹತ್ತರಿಂದ ಭಾಗಿಸಿದರೆ ಏಳು ವರ್ಷದ ಹುಡುಗ ತಂದೆಯಾಗಬೇಕು. ಪ್ರಳಯದ ಕಥೆಯಲ್ಲಿ ತಿಂಗಳ 27ನೆಯ ದಿನದ ಮಾತು ಬರುತ್ತದೆ, ಹಾಗಾಗಿ ಆ ತಿಂಗಳು ನಮ್ಮ ತಿಂಗಳಿನಂಥದ್ದೇ. 175 ವರ್ಷದ ಅಬ್ರಹಾಮನನ್ನು ಹದಿನೇಳೂವರೆಗೆ ಇಳಿಸಿದರೆ ತುಂಬು ಮುಪ್ಪಿನಲ್ಲಿ ಸತ್ತನೆಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಸಣ್ಣ ವರ್ಷದ ವಾದ ಅಲ್ಲಿಗೆ ಬಿದ್ದುಹೋಯಿತು. ಇಂದಿಗೂ ‘ಅದು ಚಾಂದ್ರಮಾಸದ ಲೆಕ್ಕ’ ಎಂದು ಅದನ್ನು ಎತ್ತಿಕೊಂಡು ಬರುವವರಿದ್ದಾರೆ. ತಿಂಗಳ ಲೆಕ್ಕದಲ್ಲಿ ಕೇನಾನ್ ಆರು ವರ್ಷವೂ ತುಂಬದೆ ತಂದೆಯಾಗುತ್ತಾನೆ ಎಂಬುದನ್ನು ಅವರು ನೋಡಿಲ್ಲ.

ಮಧ್ಯಯುಗದ ಯೆಹೂದಿ ಚಿಂತಕರಲ್ಲಿ ಇಬ್ಬರ ಭಿನ್ನಾಭಿಪ್ರಾಯ ಮುಖ್ಯವಾದದ್ದು. ಹೆಸರಿಸಲಾದ ವ್ಯಕ್ತಿಗಳಷ್ಟೇ ಹಾಗೆ ಬದುಕಿದರು, ಉಳಿದ ಜನರದು ಸಹಜ ಆಯುಸ್ಸೇ ಎಂದು ಮೈಮೊನಿಡೀಸ್ ವಾದಿಸಿದ. ಆ ಕೆಲವರ ಆಯುಸ್ಸಿಗೆ ಆಹಾರಕ್ರಮವೋ ಪವಾಡವೋ ಕಾರಣ. ಅವನ ಪ್ರಕಾರ ಇಳಿತ ಎಂಬುದೇ ನಡೆದಿಲ್ಲ. 13ನೆಯ ಶತಮಾನದ ನಹ್ಮನಿಡೀಸ್ ಇದನ್ನು ಒಪ್ಪಲಿಲ್ಲ. ಆದಾಮ ದೇವರೇ ಕೈಯಾರೆ ಮಾಡಿದ ಪರಿಪೂರ್ಣ ದೇಹದವನು. ಪ್ರಳಯದಿಂದ ಗಾಳಿ ಕೆಟ್ಟು ಆಯುಸ್ಸು ಇಳಿಯಿತು. ಬಾಬೆಲಿನ ಚದುರುವಿಕೆಯಲ್ಲಿ ಜನ ಬೇರೆ ಬೇರೆ ಹವೆಯ ನಾಡುಗಳಿಗೆ ಹೋದಾಗ ಮತ್ತೆ ಅರ್ಧವಾಯಿತು ಎಂದ. ಅಂಕಿಗಳನ್ನು ಗಮನವಿಟ್ಟು ನೋಡಿದ ಓದು ಇದು, ಏಕೆಂದರೆ ಏಬೆರನ 464ರಿಂದ ಪೆಲೆಗನ 239ಕ್ಕೆ ಬೀಳುವ ಮೆಟ್ಟಿಲು ಅಲ್ಲೇ ಇದೆ. ಆದರೆ ಅವನು ಕೊಟ್ಟ ಕಾರಣ ಗ್ರೀಕ್–ಅರಬ್ ವೈದ್ಯಶಾಸ್ತ್ರದ್ದು, ಆದಿಕಾಂಡದ್ದಲ್ಲ. ಮಾಂಸಾಹಾರಕ್ಕೆ ಅನುಮತಿ ಸಿಕ್ಕಿದ್ದು ಪ್ರಳಯದ ನಂತರ (9:3) ಎಂಬುದನ್ನು ಹಿಡಿದು ಆಹಾರವೇ ಕಾರಣ ಎಂದವರೂ ಇದ್ದಾರೆ. ಗ್ರಂಥ ಈ ಎರಡನ್ನು ಎಲ್ಲೂ ಜೋಡಿಸಿಲ್ಲ.

ಮುಂದಿನವರು ಗಾಳಿಯ ಜಾಗದಲ್ಲಿ ಭೂಮಿಯನ್ನಿಟ್ಟರು. ಥಾಮಸ್ ಬರ್ನೆಟ್ 1681ರಲ್ಲಿ ಪ್ರಕಟಿಸತೊಡಗಿದ ಭೂಮಿಯ ಪವಿತ್ರ ಸಿದ್ಧಾಂತದಲ್ಲಿ, ಪ್ರಳಯಕ್ಕೆ ಮುಂಚೆ ಭೂಮಿಯ ಅಕ್ಷ ವಾಲಿರಲಿಲ್ಲ, ಸದಾ ವಸಂತವಿತ್ತು, ಅದರಿಂದಲೇ ದೀರ್ಘಾಯುಸ್ಸು ಎಂದ. 1961ರಲ್ಲಿ ಅಮೆರಿಕದ ವಿಟ್‌ಕೂಂಬ್ ಮತ್ತು ಮಾರಿಸ್, ಆಕಾಶದ ಸುತ್ತ ನೀರಾವಿಯ ಹೊದಿಕೆಯೊಂದು ಇದ್ದು ಅದು ವಿಕಿರಣವನ್ನು ತಡೆಯುತ್ತಿತ್ತು, ಪ್ರಳಯದಲ್ಲಿ ಅದು ಕಳಚಿತು ಎಂದು ಬರೆದರು. ಅಷ್ಟು ಆವಿ ಮೇಲಿದ್ದರೆ ಕೆಳಗೆ ತಾಳಲಾರದ ಬಿಸಿ ಇರಬೇಕಾಗುತ್ತದೆಂಬ ಲೆಕ್ಕ ಹೊರಬಿದ್ದ ಮೇಲೆ ಸೃಷ್ಟಿವಾದಿಗಳಲ್ಲೇ ಅನೇಕರು ಅದನ್ನು ಕೈಬಿಟ್ಟು, ಈಗ ವಂಶವಾಹಿಗಳಲ್ಲಿ ಕೂಡುತ್ತ ಬಂದ ದೋಷಗಳ ಮಾತಾಡುತ್ತಾರೆ. ಶತಮಾನಗಟ್ಟಲೆ ಬದುಕಿದ ಮನುಷ್ಯನ ಅಸ್ಥಿ ಯಾವ ಉತ್ಖನನದಲ್ಲೂ ಸಿಕ್ಕಿಲ್ಲ.

ಈ ಎಲ್ಲ ವಾದಗಳೂ ಅಂಕಿಗಳು ಗಟ್ಟಿಯಾಗಿ ನಿಂತಿವೆ ಎಂದು ನಂಬಿ ಹೊರಟವು. ಅವು ಹಾಗೆ ನಿಂತಿಲ್ಲ. ಆದಿಕಾಂಡ ನಮಗೆ ಮೂರು ಹಳೆಯ ಪಾಠಗಳಲ್ಲಿ ಸಿಗುತ್ತದೆ: ಹೀಬ್ರೂವಿನ ಮಸೋರೆಟಿಕ್ ಪಾಠ, ಸೆಪ್ಟುವಜಿಂಟ್ ಎಂಬ ಗ್ರೀಕ್ ಅನುವಾದ, ಸಮಾರ್ಯರ ಪಂಚಗ್ರಂಥ. ಸೃಷ್ಟಿಯಿಂದ ಪ್ರಳಯಕ್ಕೆ ಮೊದಲನೆಯದರಲ್ಲಿ 1656 ವರ್ಷ, ಎರಡನೆಯದರಲ್ಲಿ 2242, ಮೂರನೆಯದರಲ್ಲಿ 1307. ಸಮಾರ್ಯ ಪಾಠದಲ್ಲಿ ಯೆರೆದನಿಗೆ 847, ಮೆತೂಷೆಲಹನಿಗೆ 720, ಲೆಮೆಕನಿಗೆ 653. ಕೂಡಿಸಿ ನೋಡಿದರೆ ಮೂವರೂ ಪ್ರಳಯದ ವರ್ಷವೇ ಸಾಯುತ್ತಾರೆ. ಮಸೋರೆಟಿಕ್ ಪಾಠದಲ್ಲಿ ಆ ವರ್ಷ ಸಾಯುವವನು ಮೆತೂಷೆಲಹನೊಬ್ಬನೇ. ಗ್ರೀಕ್ ಪಾಠದ ಹಲವು ಹಸ್ತಪ್ರತಿಗಳಲ್ಲಿ ಅವನು ಪ್ರಳಯವಾಗಿ 14 ವರ್ಷದವರೆಗೂ ಬದುಕಿರಬೇಕಾಗುತ್ತದೆ, ಆದರೆ ನಾವೆಯಲ್ಲಿ ಅವನಿಲ್ಲ. ಜೆರೋಮ್, ಆಗಸ್ಟೀನ್ ಇಬ್ಬರೂ ಇದನ್ನು ಗಮನಿಸಿದ್ದರು.

ಪ್ರಳಯದ ಈಚೆಗಿನ ಲೆಕ್ಕ ಇನ್ನೂ ಕುತೂಹಲದ್ದು. ಮಸೋರೆಟಿಕ್ ಅಂಕಿಗಳನ್ನು ಕೂಡಿಸಿದರೆ ಪ್ರಳಯವಾಗಿ 292 ವರ್ಷಕ್ಕೆ ಅಬ್ರಹಾಮ ಹುಟ್ಟುತ್ತಾನೆ. ನೋಹ ಸಾಯುವಾಗ ಅವನಿಗೆ 58 ವರ್ಷ. ಶೇಮನಂತೂ ಅಬ್ರಹಾಮ ಸತ್ತು 35 ವರ್ಷದವರೆಗೂ ಇರುತ್ತಾನೆ. ಏಬೆರ್ ಸಾಯುವಾಗ ಯಾಕೋಬನಿಗೆ 79. ಅಬ್ರಹಾಮನ ಕಥೆಯಲ್ಲಿ ಇವರಾರ ಸುಳಿವೂ ಇಲ್ಲ. ಗ್ರೀಕ್ ಮತ್ತು ಸಮಾರ್ಯ ಪಾಠಗಳಲ್ಲಿ ಹೆಚ್ಚಿನವರು ತಂದೆಯಾದ ವಯಸ್ಸಿಗೆ ನೂರು ವರ್ಷ ಕೂಡಿರುವುದರಿಂದ ಈ ಮುಜುಗರ ಇಲ್ಲ. ಅಬ್ರಹಾಮನ ತಂದೆ ತೆರಹನಿಗೆ ಮಸೋರೆಟಿಕ್ ಪಾಠ 205 ಕೊಟ್ಟರೆ ಸಮಾರ್ಯ ಪಾಠ 145 ಕೊಡುತ್ತದೆ. ಮಗ ಅಬ್ರಹಾಮ ಹಾರಾನ್ ಪಟ್ಟಣ ಬಿಟ್ಟು ಹೊರಟ ವರ್ಷಕ್ಕೆ ಅದು ಸರಿಯಾಗಿ ಹೊಂದುತ್ತದೆ. ಅಂಕಿಗಳನ್ನು ಪ್ರತಿಕಾರರು ತಿದ್ದಿದ್ದಾರೆ, ಕಾಲಗಣನೆಯ ಅಡಚಣೆ ನಿವಾರಿಸಲೆಂದೇ ತಿದ್ದಿದ್ದಾರೆ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ತಿದ್ದುವುದಕ್ಕೂ ಮುಂಚೆ ಇವನ್ನು ಕಟ್ಟಿದವರು ಏನನ್ನು ಮಾದರಿಯಾಗಿಟ್ಟುಕೊಂಡಿದ್ದರು? ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿ ಸುಮಾರು ಕ್ರಿಸ್ತಪೂರ್ವ 1800ರ ಜೇಡಿಮಣ್ಣಿನ ಪಟ್ಟಕವೊಂದಿದೆ. ಅದರಲ್ಲಿರುವುದು ಸುಮೇರಿಯದ ರಾಜರ ಪಟ್ಟಿ. ಪ್ರಳಯಕ್ಕೆ ಮುಂಚೆ ಐದು ನಗರಗಳಲ್ಲಿ ಎಂಟು ರಾಜರು 241,200 ವರ್ಷ ಆಳಿದರು. ಮೊದಲನೆಯವನಾದ ಅಲುಲಿಮನೊಬ್ಬನೇ 28,800 ವರ್ಷ. ಆಮೇಲೆ ಪ್ರಳಯ. ಅನಂತರದ ಆಳ್ವಿಕೆಗಳು 1200 ವರ್ಷಕ್ಕೆ ಇಳಿದು, ಗಿಲ್ಗಮೇಶನಲ್ಲಿ 126 ಆಗಿ, ಅವನ ಮಗನಲ್ಲಿ 30ಕ್ಕೆ ಬಂದು ನಿಲ್ಲುತ್ತವೆ. ಪ್ರಳಯ ನಡುವೆ ಬಂದು ಕಾಲವನ್ನು ಎರಡಾಗಿ ಸೀಳುವುದು, ಆಚೆಗಿನ ದೊಡ್ಡ ಅಂಕಿ ಈಚೆಗೆ ಹಂತಹಂತವಾಗಿ ಮಾನವಪ್ರಮಾಣಕ್ಕೆ ಇಳಿಯುವುದು ಎರಡೂ ಕಡೆ ಒಂದೇ. ಪಟ್ಟಿಯಲ್ಲಿರುವುದು ರಾಜರ ಆಳ್ವಿಕೆ, ಆದಿಕಾಂಡದಲ್ಲಿರುವುದು ತಂದೆ-ಮಕ್ಕಳ ಆಯುಸ್ಸು ಎಂಬ ವ್ಯತ್ಯಾಸ ಸಣ್ಣದಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು: ಆದಿಕಾಂಡದಲ್ಲಿ ಯಾರೂ ಸಾವಿರ ಮುಟ್ಟುವುದಿಲ್ಲ. ದೇವತ್ವದ ಸೋಂಕಿದ್ದ ಅಂಕಿಯನ್ನು ಇಬ್ರಿಯ ಲೇಖಕರು ಬೇಕೆಂದೇ ಮನುಷ್ಯನ ಅಳತೆಯತ್ತ ತಂದರೆಂದು ನಾನು ಭಾವಿಸುತ್ತೇನೆ.

ಅಂಕಿಗಳ ಒಳರಚನೆಯೂ ಅದನ್ನೇ ಹೇಳುತ್ತದೆ. ಮಸೋರೆಟಿಕ್ ಪಾಠದ ಐದನೆಯ ಅಧ್ಯಾಯದಲ್ಲಿ ಮೆತೂಷೆಲಹನ 969 ಬಿಟ್ಟರೆ ಪ್ರತಿ ಅಂಕಿಯೂ 0, 2, 5, 7ರಲ್ಲೇ ಮುಗಿಯುತ್ತದೆ. ಬಾಬಿಲೋನಿಯರ ಎಣಿಕೆಗೆ 60 ಆಧಾರ. ಐದು ವರ್ಷವೆಂದರೆ 60 ತಿಂಗಳು. ಐದರ ಗುಣಕಗಳಿಗೆ ಬೇಕಾದಲ್ಲಿ ಪವಿತ್ರ ಸಂಖ್ಯೆ ಏಳನ್ನು ಕೂಡಿಸಿದ್ದಾರೆ ಎಂದು ಬೈಬಲ್ ವಿದ್ವಾಂಸ ಉಂಬೆರ್ತೊ ಕಸ್ಸೂತೊ ತೋರಿಸಿದರು. 912 ಎಂದರೆ 905ಕ್ಕೆ 7, 969 ಎಂದರೆ 955ಕ್ಕೆ ಎರಡು ಸಲ 7. ಹನೋಕನ 365 ಸೌರವರ್ಷದ ದಿನಗಳ ಎಣಿಕೆ. ಅಬ್ರಹಾಮ, ಇಸಾಕ, ಯಾಕೋಬರ ಆಯುಸ್ಸು 7×5×5, 5×6×6, 3×7×7. ಯೋಸೇಫನ 110 ಆ ಮೂರು ವರ್ಗಗಳ ಮೊತ್ತ, 25+36+49. 110 ಈಜಿಪ್ಟಿನವರ ಆದರ್ಶ ಆಯುಸ್ಸು ಕೂಡ, ಯೋಸೇಫ ಸತ್ತದ್ದೂ ಅಲ್ಲೇ. ಇದು ಜನನ-ಮರಣದ ದಾಖಲೆಯಲ್ಲ, ಮನಸ್ಸಿಟ್ಟು ಮಾಡಿದ ಕಟ್ಟೋಣ. ಇದೇ ಬೈಬಲಿನಲ್ಲಿ ಯೆಹೂದದ ಅರಸರ ವೃತ್ತಾಂತಕ್ಕೆ ಬಂದರೆ ಉಜ್ಜೀಯನಿಗೆ 68, ಮನಸ್ಸೆಗೆ 67, ಹಿಜ್ಕೀಯನಿಗೆ 54, ಯೋಷೀಯನಿಗೆ 39. ಲೇಖಕರು ಅರಮನೆಯ ದಾಖಲೆ ಹಿಡಿದು ಬರೆಯತೊಡಗಿದಲ್ಲಿ ಆಯುಸ್ಸು ನಮ್ಮದೇ ಆಗಿದೆ.

ನಮ್ಮ ನಾಡಿನ ಓದುಗರಿಗೆ ಇಂಥ ಕಾಲಕ್ರಮ ಹೊಸದಲ್ಲ. ಮನುಸ್ಮೃತಿ ಕೃತಯುಗಕ್ಕೆ 400 ವರ್ಷದ ಆಯುಸ್ಸು ಹೇಳಿ ಯುಗಕ್ಕೆ ನೂರರಂತೆ ಇಳಿಸುತ್ತದೆ. 941ರಲ್ಲಿ ಪಂಪ ಯಾರ ಚರಿತೆಯನ್ನು ‘ಆದಿಪುರಾಣ’ವಾಗಿ ಬರೆದನೋ ಆ ವೃಷಭನಾಥನಿಗೆ ಜೈನ ಪರಂಪರೆ 84 ಲಕ್ಷ ‘ಪೂರ್ವ’ಗಳೆಂಬ ಬೃಹತ್ ಕಾಲಮಾನದ ಆಯುಸ್ಸು ಕೊಡುತ್ತದೆ, ಪಾರ್ಶ್ವನಾಥನಿಗೆ 100, ಮಹಾವೀರನಿಗೆ 72. ಬೌದ್ಧರ ‘ಚಕ್ಕವತ್ತಿ ಸೀಹನಾದ ಸುತ್ತ’ವಂತೂ ಕಳವು, ಕೊಲೆ, ಸುಳ್ಳು ಒಂದೊಂದಾಗಿ ಹುಟ್ಟಿದಂತೆ ಆಯುಸ್ಸು 80,000ದಿಂದ 10ಕ್ಕೆ ಇಳಿದುದನ್ನು ಕಾರಣಸಮೇತ ವಿವರಿಸುತ್ತದೆ. ಬೆರೋಸಸ್ ಪ್ರಳಯಪೂರ್ವದ ಹತ್ತು ರಾಜರಿಗೆ ಕೊಟ್ಟ 432,000 ವರ್ಷವೂ ನಮ್ಮ ಕಲಿಯುಗದ ಅವಧಿಯೂ ಒಂದೇ ಅಂಕಿ. ಇವುಗಳ ಪಕ್ಕದಲ್ಲಿಟ್ಟು ನೋಡಿದಾಗ ಆದಿಕಾಂಡದ ಮೌನ ಇನ್ನಷ್ಟು ಎದ್ದು ಕಾಣುತ್ತದೆ.

ಆದ್ದರಿಂದ ಬೈಬಲಿನಲ್ಲಿ ಆಯುಸ್ಸು ಇಳಿದದ್ದಕ್ಕೆ ಗಾಳಿಯಲ್ಲೋ ಮಾಂಸದಲ್ಲೋ ಕಾರಣ ಹುಡುಕುವುದು ವ್ಯರ್ಥ. ಸೃಷ್ಟಿಯ ಹತ್ತಿರದ ಕಾಲಕ್ಕೂ ಓದುಗನ ಕಾಲಕ್ಕೂ ನಡುವಿನ ದೂರವನ್ನು ಲೇಖಕರು ಅಂಕಿಗಳಲ್ಲಿ ಅಳೆದು ತೋರಿಸಿದರು, ಅಷ್ಟೆ. ಕನ್ನಡದ ಸತ್ಯವೇದ ಮಸೋರೆಟಿಕ್ ಅಂಕಿಗಳನ್ನು ಅನುಸರಿಸುತ್ತದೆ. ಅಧ್ಯಯನಕ್ಕಾಗಿ ಹೊರತರುವ ಆವೃತ್ತಿಗಳಲ್ಲಾದರೂ ಆದಿಕಾಂಡ 5 ಮತ್ತು 11ರ ಕೆಳಗೆ ಗ್ರೀಕ್, ಸಮಾರ್ಯ ಪಾಠಗಳ ಅಂಕಿಗಳನ್ನೂ ಅಚ್ಚುಮಾಡಬೇಕೆಂದು ಪ್ರಕಾಶಕರಲ್ಲಿ, ದೇವಶಾಸ್ತ್ರದ ಅಧ್ಯಾಪಕರಲ್ಲಿ ನನ್ನ ವಿನಂತಿ.