ಹಾಯಿದೋಣಿ ಯಾನದಲ್ಲಿ ಕಾಯಿಲೆ ಮತ್ತು ಆರೈಕೆ

ಒಬ್ಬಿಬ್ಬರು ಅಥವಾ ಒಂದು ಕುಟುಂಬ ಮಾತ್ರ ಇರುವ ಸಣ್ಣ ಹಾಯಿದೋಣಿಯಲ್ಲಿ ದೂರದ ಕಡಲಯಾನ ಮಾಡುವಾಗ ಎದುರಾಗುವ ಕಾಯಿಲೆ, ಗಾಯ ಮತ್ತು ಮನಸ್ಸಿನ ಏರುಪೇರುಗಳನ್ನೂ, ಅವನ್ನು ನಿಭಾಯಿಸಲು ನಾವಿಕರು ಕಂಡುಕೊಂಡ ದಾರಿಗಳನ್ನೂ ಈ ಲೇಖನ ವಿವರಿಸುತ್ತದೆ. ದೊಡ್ಡ ಹಡಗಿನಲ್ಲಿ ಒಬ್ಬರು ಮಲಗಿದರೆ ಅವರ ಪಾಳಿಯನ್ನು ಇನ್ನೊಬ್ಬರು ವಹಿಸಿಕೊಳ್ಳುತ್ತಾರೆ. ಒಂಟಿ ಯಾನದಲ್ಲಿ ರೋಗಿಯೇ ಕಪ್ತಾನ, ರೋಗಿಯೇ ಅಡುಗೆಯವನು, ರೋಗಿಯೇ ವೈದ್ಯ. ಹಾಗಾಗಿ ಇಲ್ಲಿ ಯಾವ ಔಷಧ ಎಂದು ಕೇಳುವ ಮೊದಲೇ ಚುಕ್ಕಾಣಿ ಯಾರು ಹಿಡಿಯುವುದು ಎಂದು ಕೇಳಬೇಕಾಗುತ್ತದೆ. ಈ ವಿಷಯದ ಇತಿಹಾಸದಲ್ಲಿ ಔಷಧದ ಪೆಟ್ಟಿಗೆಗೆ ಇರುವಷ್ಟೇ ಪಾತ್ರ ತಾನಾಗಿ ದಾರಿ ಹಿಡಿದು ಸಾಗುವ ದೋಣಿಗೂ, ದೂರದ ವೈದ್ಯರನ್ನು ತಲುಪಿಸಿದ ರೇಡಿಯೊಗೂ ಇದೆ.

ತೆರೆದ ದೋಣಿಯ ದಿನಗಳು

ಸಣ್ಣ ದೋಣಿಯಲ್ಲಿ ಜನರ ಆರೋಗ್ಯ ಕಾಯ್ದುಕೊಂಡ ಬಗ್ಗೆ ವಿವರವಾದ ದಾಖಲೆ ಇರುವ ಹಳೆಯ ಯಾನಗಳಲ್ಲಿ ವಿಲಿಯಂ ಬ್ಲೈ ಅವರದು ಮುಖ್ಯವಾದುದು. 1789ರ ಏಪ್ರಿಲ್ 28ರಂದು 'ಬೌಂಟಿ' ಹಡಗಿನಲ್ಲಿ ದಂಗೆ ಎದ್ದವರು ಬ್ಲೈ ಮತ್ತು 18 ಮಂದಿಯನ್ನು 23 ಅಡಿ ಉದ್ದದ ತೆರೆದ ದೋಣಿಗೆ ಇಳಿಸಿ ಕಡಲಿನಲ್ಲಿ ಬಿಟ್ಟರು. ಟೋಫುವಾ ದ್ವೀಪದಲ್ಲಿ ಸ್ಥಳೀಯರ ದಾಳಿಗೆ ಒಬ್ಬರು ಬಲಿಯಾದರು. ಉಳಿದವರು 3,600ಕ್ಕೂ ಹೆಚ್ಚು ನಾಟಿಕಲ್ ಮೈಲಿ ಸಾಗಿ ಜೂನ್ 14ರಂದು ಟಿಮೋರ್ ದ್ವೀಪದ ಕುಪಾಂಗ್ ಮುಟ್ಟಿದರು. ಎರಡು ತೆಂಗಿನ ಚಿಪ್ಪುಗಳಿಂದ ತಕ್ಕಡಿ ಮಾಡಿ, ಪಿಸ್ತೂಲಿನ ಗುಂಡನ್ನೇ ತೂಕದ ಕಲ್ಲಾಗಿಸಿ ಬ್ಲೈ ರೊಟ್ಟಿಯ ಚೂರುಗಳನ್ನು ಹಂಚುತ್ತಿದ್ದರು. ತೀರ ಸೊರಗಿದವರಿಗೆ ಚಮಚದ ಲೆಕ್ಕದಲ್ಲಿ ರಮ್ ಅಥವಾ ವೈನ್ ಸಿಗುತ್ತಿತ್ತು. ಎಡೆಬಿಡದ ಮಳೆಗೆ ನೆನೆದು ನಡುಗುವಾಗ ಬಟ್ಟೆ ಬಿಚ್ಚಿ, ಸಮುದ್ರದ ನೀರಿನಲ್ಲಿ ಅದ್ದಿ ಹಿಂಡಿ ಮತ್ತೆ ತೊಟ್ಟುಕೊಳ್ಳುವಂತೆ ಅವರು ಹೇಳಿದರು. ಮಳೆನೀರಿಗಿಂತ ಕಡಲ ನೀರು ಮೈಗೆ ಬೆಚ್ಚಗೆನಿಸುತ್ತಿತ್ತು. ದೋಣಿಯಲ್ಲಿ ಇದ್ದಷ್ಟು ದಿನ ಕಾಯಿಲೆಯಿಂದ ಯಾರೂ ಸಾಯಲಿಲ್ಲ. ದಡ ಸೇರಿದ ಮೇಲೆ ಸಸ್ಯವಿಜ್ಞಾನಿ ಡೇವಿಡ್ ನೆಲ್ಸನ್ ಸೇರಿದಂತೆ ಕೆಲವರು ತೀರಿಕೊಂಡರು.

ದೂರಯಾನದ ದೊಡ್ಡ ಶತ್ರುವಾಗಿದ್ದ ಸ್ಕರ್ವಿಗೆ ಕಿತ್ತಳೆ, ನಿಂಬೆ ಮದ್ದು ಎಂಬುದನ್ನು ಜೇಮ್ಸ್ ಲಿಂಡ್ 1747ರಲ್ಲಿ 'ಸಾಲಿಸ್‌ಬರಿ' ಹಡಗಿನ ಪ್ರಯೋಗದಲ್ಲಿ ತೋರಿಸಿದ್ದರು. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ವ್ಯಾಪಕವಾಗಿ ಕೊಡತೊಡಗಿದ್ದು 1795ರಿಂದ. ವೈದ್ಯರಿಲ್ಲದ ವಾಣಿಜ್ಯ ಹಡಗುಗಳಿಗಾಗಿ 1868ರಲ್ಲಿ ಬ್ರಿಟನ್ನಿನಲ್ಲಿ ಹ್ಯಾರಿ ಲೀಚ್ ಅವರ 'ಶಿಪ್ ಕ್ಯಾಪ್ಟನ್ಸ್ ಮೆಡಿಕಲ್ ಗೈಡ್' ಹೊರಬಂತು. ಔಷಧದ ಪೆಟ್ಟಿಗೆ ಮತ್ತು ಅದರ ಜೊತೆಗೊಂದು ಕೈಪಿಡಿ ಎಂಬ ಪದ್ಧತಿ ಮುಂದೆ ಸಣ್ಣ ದೋಣಿಗಳಿಗೂ ಬಂತು.

ಒಂಟಿ ನಾವಿಕರು

ಜೋಶುವಾ ಸ್ಲೋಕಮ್ ಒಬ್ಬರೇ ದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗರು. 1895ರ ಏಪ್ರಿಲ್‌ನಲ್ಲಿ ಬಾಸ್ಟನ್‌ನಿಂದ ಹೊರಟ ಅವರು 1898ರ ಜೂನ್‌ನಲ್ಲಿ ಹಿಂತಿರುಗಿದರು. ಅವರ 'ಸ್ಪ್ರೇ' ದೋಣಿಯ ಉದ್ದ 37 ಅಡಿಗೂ ತುಸು ಕಡಿಮೆ. ಅಜೋರ್ಸ್ ದ್ವೀಪಗಳಿಂದ ಹೊರಟ ಸ್ವಲ್ಪದರಲ್ಲೇ, ಅಲ್ಲಿ ಕೊಟ್ಟಿದ್ದ ಪ್ಲಮ್ ಹಣ್ಣು ಮತ್ತು ಬಿಳಿ ಚೀಸನ್ನು ಹೊಟ್ಟೆ ತುಂಬ ತಿಂದು ಅವರಿಗೆ ಸಹಿಸಲಾಗದ ಹೊಟ್ಟೆನೋವು ಶುರುವಾಯಿತು. ಗಾಳಿಯೂ ಬಲವಾಗುತ್ತಿತ್ತು. ಹೇಗೋ ಹಾಯಿಯನ್ನು ಕುಗ್ಗಿಸಿ ಕಟ್ಟಿ, ಕ್ಯಾಬಿನ್ನಿನ ನೆಲದ ಮೇಲೆ ಬಿದ್ದುಕೊಂಡರು. ಜ್ವರದ ಮಂಪರಿನಲ್ಲಿ ಕಣ್ಣು ಬಿಟ್ಟಾಗ ಎತ್ತರದ ವ್ಯಕ್ತಿಯೊಬ್ಬ ಚುಕ್ಕಾಣಿ ಹಿಡಿದು ನಿಂತಂತೆ ಕಂಡಿತು. ತಾನು ಕೊಲಂಬಸ್‌ನ 'ಪಿಂಟಾ' ಹಡಗಿನ ಚಾಲಕ, ಹೆದರಬೇಡ ಎಂದು ಆತ ಹೇಳಿದನಂತೆ. ಮರುದಿನ ನೋಡಿದರೆ ದೋಣಿ ದಾರಿ ಬಿಡದೆ 90 ಮೈಲಿ ಸಾಗಿತ್ತು. ಸ್ಲೋಕಮ್ ಉಳಿದ ಪ್ಲಮ್ ಹಣ್ಣನ್ನೆಲ್ಲ ಕಡಲಿಗೆ ಸುರಿದರು. ಚುಕ್ಕಾಣಿಯನ್ನು ಕಟ್ಟಿಬಿಟ್ಟರೆ ದಿನಗಟ್ಟಲೆ ತಾನಾಗಿ ನೇರ ಸಾಗುವುದು 'ಸ್ಪ್ರೇ'ಯ ಗುಣವಾಗಿತ್ತು. ಅಂದು ರಾತ್ರಿ ಅವರನ್ನು ಉಳಿಸಿದ್ದು ಈ ಗುಣವೇ.

ಅರ್ಜೆಂಟೀನಾದ ವಿಟೊ ಡ್ಯೂಮಾಸ್ 1942ರಲ್ಲಿ, ಮಹಾಯುದ್ಧದ ನಡುವೆ, 31 ಅಡಿಯ 'ಲೆಹ್ಗ್ 2' ದೋಣಿಯಲ್ಲಿ ದಕ್ಷಿಣ ಸಾಗರಗಳನ್ನು ಸುತ್ತಲು ಹೊರಟರು. ಅಟ್ಲಾಂಟಿಕ್‌ನಲ್ಲಿ ಕೆಲವೇ ದಿನ ಕಳೆಯುವಷ್ಟರಲ್ಲಿ ಕೈಗಾದ ಗಾಯ ಕೀವುಗಟ್ಟಿ, ತೋಳು ಊದಿ, ವಿಪರೀತ ಜ್ವರ ಬಂತು. ಹೊಯ್ದಾಡುವ ದೋಣಿಯಲ್ಲಿ ತಾವೇ ಚುಚ್ಚುಮದ್ದು ಹಾಕಿಕೊಂಡರೂ ಇಳಿಯಲಿಲ್ಲ. ಬೆಳಗಾಗುವುದರೊಳಗೆ ಗುಣ ಕಾಣದಿದ್ದರೆ ತೋಳನ್ನೇ ಕತ್ತರಿಸಿಕೊಳ್ಳುವುದೆಂದು ತೀರ್ಮಾನಿಸಿ ಮಲಗಿದರು. ಎಚ್ಚರವಾದಾಗ ಕುರು ತಾನಾಗಿ ಒಡೆದು ಕೀವು ಹರಿದಿತ್ತು. ಗಾಯವನ್ನು ತಾವೇ ಶುಚಿಮಾಡಿಕೊಂಡು ಅವರು ಮುಂದೆ ಸಾಗಿದರು. ಸಾಮಾನ್ಯ ಜನರ ಕೈಗೆ ಪೆನಿಸಿಲಿನ್ ಇನ್ನೂ ಸಿಗದ ಕಾಲದಲ್ಲಿ ಒಂದು ತರಚುಗಾಯ ಎಲ್ಲಿಯವರೆಗೆ ಹೋಗಬಹುದಿತ್ತು ಎಂಬುದಕ್ಕೆ ಈ ಘಟನೆ ಸಾಕ್ಷಿ.

ಕಡಲ ವಾಕರಿಕೆ

ಸಣ್ಣ ದೋಣಿಯಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತೊಂದರೆ ಕಡಲ ವಾಕರಿಕೆ. ಒಳಕಿವಿ ಅಲುಗಾಟವನ್ನು ಹೇಳುತ್ತಿರುವಾಗ, ಕ್ಯಾಬಿನ್ನಿನೊಳಗೆ ನೋಡುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ತಾಳಮೇಳ ತಪ್ಪುವುದೇ ಕಾರಣ ಎಂಬ ವಾದವನ್ನು ಜೇಮ್ಸ್ ರೀಸನ್ ಮತ್ತು ಜೆ. ಜೆ. ಬ್ರಾಂಡ್ 1975ರ ತಮ್ಮ ಗ್ರಂಥದಲ್ಲಿ ಬೆಳೆಸಿದರು. ಒಳಕಿವಿಯ ಪಾತ್ರದ ಸುಳಿವು ಮೊದಲೇ ಸಿಕ್ಕಿತ್ತು: ಹುಟ್ಟು ಕಿವುಡರಲ್ಲಿ ಅನೇಕರಿಗೆ ತಲೆಸುತ್ತು ಬಾರದೆಂದು ಅಮೆರಿಕದ ವಿಲಿಯಂ ಜೇಮ್ಸ್ 1882ರಲ್ಲೇ ಗಮನಿಸಿದ್ದರು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕೆ ಇಳಿಸುವ ದೋಣಿಗಳಿಗಾಗಿ ಹಯೊಸಿನ್ ಮಾತ್ರೆಗಳ ಪರೀಕ್ಷೆ ನಡೆಯಿತು. ಡ್ರಾಮಮೈನ್ ಮಾತ್ರೆಯ ಗುಣವನ್ನು 1948ರಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಸೈನಿಕರ ಹಡಗಿನಲ್ಲಿ ಪರೀಕ್ಷಿಸಲಾಯಿತು. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮೈನ್ ಪಟ್ಟಿಗೆ ಅಮೆರಿಕದಲ್ಲಿ 1979ರಲ್ಲಿ ಅನುಮತಿ ದೊರೆಯಿತು.

ಹೆಚ್ಚಿನವರಿಗೆ ಎರಡು ಮೂರು ದಿನಗಳಲ್ಲಿ ಮೈ ಒಗ್ಗುತ್ತದೆ. ವಾಂತಿಗಿಂತ ಅದರ ಪರಿಣಾಮಗಳೇ ಅಪಾಯಕಾರಿ: ಮೈಯಲ್ಲಿ ನೀರು ಬತ್ತುವುದು, ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿರುವುದು, ಏನಾದರಾಗಲಿ ಎಂಬ ಉದಾಸೀನ. ಮಾತ್ರೆಗಳಿಂದ ತೂಕಡಿಕೆ ಬರುವುದರಿಂದ ಪಹರೆ ಕಾಯುವವರಿಗೆ ಅವೂ ಅಡ್ಡಿಯೇ. ಆದ್ದರಿಂದ ಹೊರಡುವ ಮುನ್ನವೇ ಮಾತ್ರೆ ನುಂಗುವುದು, ಗುಟುಕು ಗುಟುಕಾಗಿ ನೀರು ಕುಡಿಯುವುದು, ದಿಗಂತ ನೋಡುತ್ತ ಚುಕ್ಕಾಣಿ ಹಿಡಿಯುವುದು, ಸಾಧ್ಯವಾಗದಿದ್ದರೆ ದೋಣಿಯ ನಡುಭಾಗದಲ್ಲಿ ಕಣ್ಣು ಮುಚ್ಚಿ ಮಲಗುವುದು ರೂಢಿಯಾಗಿದೆ.

ವೈದ್ಯರು ದೋಣಿ ಏರಿದಾಗ

1950ರ ದಶಕದಲ್ಲಿ ವೈದ್ಯರೇ ತಮ್ಮ ಮೈಮೇಲೆ ಪ್ರಯೋಗ ನಡೆಸಿಕೊಂಡರು. ಫ್ರಾನ್ಸಿನ ಅಲೆನ್ ಬೊಂಬಾರ್ 1952ರ ಅಕ್ಟೋಬರ್ 19ರಂದು ಕೆನರಿ ದ್ವೀಪಗಳಿಂದ ಗಾಳಿ ತುಂಬಿದ ಹಾಯಿದೋಣಿಯಲ್ಲಿ ಹೊರಟು 65 ದಿನಗಳಲ್ಲಿ ಬಾರ್ಬಡೋಸ್ ತಲುಪಿದರು. ಮೀನನ್ನು ಹಿಂಡಿದ ರಸ, ಮಳೆನೀರು, ಸ್ವಲ್ಪ ಸ್ವಲ್ಪ ಸಮುದ್ರದ ನೀರು, ಬಲೆಯಲ್ಲಿ ಸೋಸಿದ ಪ್ಲಾಂಕ್ಟನ್ ಅವರ ಆಹಾರವಾಗಿದ್ದವು. ದಡ ಸೇರುವಾಗ ಮೈತೂಕ ಸುಮಾರು 25 ಕಿಲೊ ಇಳಿದಿತ್ತು. ಜರ್ಮನಿಯ ವೈದ್ಯ ಹಾನೆಸ್ ಲಿಂಡೆಮನ್ 1955ರಲ್ಲಿ ಮರದ ಕಾಂಡ ಕೊರೆದು ಮಾಡಿದ ದೋಣಿಯಲ್ಲೂ, 1956ರಲ್ಲಿ ಮಡಚುವ ಕಯಾಕಿನಲ್ಲೂ ಅಟ್ಲಾಂಟಿಕ್ ದಾಟಿದರು. ಸಮುದ್ರದ ನೀರು ಕುಡಿಯಬಾರದು ಎಂಬುದು ಅವರ ಖಚಿತ ನಿಲುವಾಯಿತು. ಇಂದಿನ ವೈದ್ಯಕೀಯ ಸಲಹೆಯೂ ಅದೇ. ಹುಚ್ಚು ಯೋಚನೆಗಳನ್ನು ತಡೆಯಲು, ಮುಂದಕ್ಕೆ ಸಾಗುತ್ತಿರಬೇಕೆಂಬ ಮಾತನ್ನು ತಿಂಗಳುಗಟ್ಟಲೆ ಮನಸ್ಸಿಗೆ ತಾವೇ ಹೇಳಿಕೊಳ್ಳುವ ಅಭ್ಯಾಸವನ್ನೂ ಲಿಂಡೆಮನ್ ಮಾಡಿದ್ದರು.

1972ರ ಜೂನ್‌ನಲ್ಲಿ ಶಾಂತಸಾಗರದಲ್ಲಿ ಕೊಲೆಗಾರ ತಿಮಿಂಗಿಲಗಳ ಹೊಡೆತಕ್ಕೆ 'ಲೂಸೆಟ್' ದೋಣಿ ಮುಳುಗಿ, ರಾಬರ್ಟ್‌ಸನ್ ಕುಟುಂಬವೂ ಸೇರಿ ಆರು ಮಂದಿ 38 ದಿನ ತೆಪ್ಪ ಮತ್ತು ಪುಟ್ಟ ದೋಣಿಯಲ್ಲಿ ಕಳೆದರು. ತಾಯಿ ಲಿನ್ ನರ್ಸ್ ಆಗಿದ್ದವರು. ತೆಪ್ಪದ ತಳದಲ್ಲಿ ನಿಂತ ಕೊಳಕು ಮಳೆನೀರನ್ನು ಬಾಯಿಂದ ಕುಡಿದರೆ ವಾಂತಿಯಾಗುತ್ತದೆಂದು ತಿಳಿದಿದ್ದ ಅವರು, ಕೊಳವೆಯೊಂದನ್ನು ಬಳಸಿ ಎನಿಮಾ ಮೂಲಕ ಆ ನೀರನ್ನು ಮೈಗೆ ಸೇರಿಸಿದರು.

ಗಾಳಿಯೇ ಹಿಡಿದ ಚುಕ್ಕಾಣಿ

1960ರಲ್ಲಿ ನಡೆದ ಮೊದಲ ಏಕಾಂಗಿ ಅಟ್ಲಾಂಟಿಕ್ ಸ್ಪರ್ಧೆಯ ರೂವಾರಿ ಬ್ಲಾಂಡಿ ಹ್ಯಾಸ್ಲರ್, ಗಾಳಿಯ ದಿಕ್ಕನ್ನೇ ಆಧರಿಸಿ ಚುಕ್ಕಾಣಿ ತಿರುಗಿಸುವ ಸಾಧನವನ್ನು ತಮ್ಮ 25 ಅಡಿಯ 'ಜೆಸ್ಟರ್' ದೋಣಿಗೆ ಅಳವಡಿಸಿದ್ದರು. ಸ್ಲೋಕಮ್‌ಗೆ ದೋಣಿಯ ಗುಣದಿಂದ ಒದಗಿದ ಅನುಕೂಲ ಈಗ ಯಾವ ದೋಣಿಗಾದರೂ ಜೋಡಿಸಬಹುದಾದ ಯಂತ್ರವಾಯಿತು. ಜ್ವರ ಬಂದವರು ಮಲಗಬಹುದಾಯಿತು, ಆರೋಗ್ಯವಂತರು ನಿದ್ದೆಗೆಟ್ಟು ಕಾಯಿಲೆ ಬೀಳುವುದೂ ತಪ್ಪಿತು.

ಆ ಸ್ಪರ್ಧೆಯನ್ನು 40 ದಿನಗಳಲ್ಲಿ ಗೆದ್ದವರು ಫ್ರಾನ್ಸಿಸ್ ಚಿಚೆಸ್ಟರ್. ಎರಡೇ ವರ್ಷ ಹಿಂದೆ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇದೆಯೆಂದು ವೈದ್ಯರು ಹೇಳಿದ್ದರು. 1966ರ ಆಗಸ್ಟ್‌ನಿಂದ 1967ರ ಮೇವರೆಗೆ, ಸಿಡ್ನಿಯಲ್ಲಿ ಒಮ್ಮೆ ಮಾತ್ರ ನಿಂತು ಅವರು ಭೂಮಿಯನ್ನೇ ಸುತ್ತಿಬಂದರು. ಸಿಡ್ನಿ ಇನ್ನೂ ದೂರವಿರುವಾಗಲೇ ಸ್ವಯಂಚಾಲಿತ ಚುಕ್ಕಾಣಿ ಮುರಿದಾಗ, ಸಣ್ಣ ಹಾಯಿಯೊಂದನ್ನು ಹಗ್ಗದಿಂದ ಚುಕ್ಕಾಣಿಗೆ ಜೋಡಿಸಿ ಕೆಲಸ ಸಾಗಿಸಿದರು. 1972ರ ಸ್ಪರ್ಧೆಯ ನಡುವೆ ಕಾಯಿಲೆ ಉಲ್ಬಣಿಸಿ ಹಿಂತಿರುಗಿದ ಅವರು ಆ ಆಗಸ್ಟ್‌ನಲ್ಲೇ ನಿಧನರಾದರು.

ಮನಸ್ಸಿನ ಕಾಯಿಲೆ

1968-69ರ ಗೋಲ್ಡನ್ ಗ್ಲೋಬ್ ಏಕಾಂಗಿ ಸ್ಪರ್ಧೆ ಮನಸ್ಥಿತಿಯ ಎರಡು ತುದಿಗಳನ್ನೂ ತೋರಿಸಿತು. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ 'ಸುಹೈಲಿ'ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ ಎಲ್ಲಿಯೂ ನಿಲ್ಲದೆ ಭೂಮಿ ಸುತ್ತಿದ ಮೊದಲಿಗರಾದರು. ನಡುದಾರಿಯಲ್ಲಿ ಬ್ಯಾಟರಿಯ ಆಮ್ಲ ಕಣ್ಣಿಗೆ ಸಿಡಿದರೂ ಅವರು ಯಾನ ಬಿಡಲಿಲ್ಲ. ಅದೇ ಸ್ಪರ್ಧೆಯ ಡೊನಾಲ್ಡ್ ಕ್ರೌಹರ್ಸ್ಟ್ ಅಟ್ಲಾಂಟಿಕ್‌ನಲ್ಲೇ ಉಳಿದು ಸುಳ್ಳು ಸ್ಥಾನಗಳನ್ನು ವರದಿ ಮಾಡುತ್ತಾ ಮನಸ್ಸಿನ ಹಿಡಿತ ಕಳೆದುಕೊಂಡರು. 1969ರ ಜುಲೈನಲ್ಲಿ ಅವರ ದೋಣಿ ಸಿಕ್ಕಿತು, ಅವರು ಸಿಗಲಿಲ್ಲ. ದಿನಚರಿಯ ಕೊನೆಯ ಪುಟಗಳಲ್ಲಿ ತಳಬುಡವಿಲ್ಲದ ತತ್ತ್ವಚಿಂತನೆ ತುಂಬಿತ್ತು.

ಬ್ರಿಟಿಷ್ ಮನೋವೈದ್ಯ ಗ್ಲಿನ್ ಬೆನೆಟ್ 1972ರ ಅಟ್ಲಾಂಟಿಕ್ ಸ್ಪರ್ಧಿಗಳನ್ನು ಅಧ್ಯಯನ ಮಾಡಿ 1973ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ನಿದ್ದೆಗೆಟ್ಟು ದಣಿದವರಿಗೆ ಇಲ್ಲದ ದನಿ ಕೇಳಿಸುವುದು, ಇಲ್ಲದವರು ಕಾಣಿಸುವುದು, ಲೆಕ್ಕದಲ್ಲಿ ತಪ್ಪುವುದು ಅಪರೂಪವಲ್ಲ ಎಂದು ಅದರಿಂದ ತಿಳಿಯಿತು. ನಿದ್ದೆಯನ್ನು ಔಷಧದಂತೆ ಯೋಜಿಸಿ ತೆಗೆದುಕೊಳ್ಳಬೇಕು ಎಂಬ ಅರಿವು ಆ ಬಳಿಕ ಗಟ್ಟಿಯಾಯಿತು.

ದೂರದ ವೈದ್ಯರು

ಕಡಲಿಗೆ ರೇಡಿಯೊ ಮೂಲಕ ವೈದ್ಯಕೀಯ ಸಲಹೆ ನೀಡುವ ವ್ಯವಸ್ಥೆ 1920ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಮತ್ತು ಸ್ವೀಡನ್‌ಗಳಲ್ಲಿ ಶುರುವಾಯಿತು. 1935ರಲ್ಲಿ ವೈದ್ಯ ಗಿಡೊ ಗಿಡಾ ರೋಮ್‌ನಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ರೇಡಿಯೊ ವೈದ್ಯಕೀಯ ಕೇಂದ್ರ ಎಲ್ಲ ದೇಶಗಳ ಹಡಗುಗಳಿಗೂ ಉಚಿತ ಸಲಹೆ ಕೊಡುತ್ತಾ ಬಂದಿದೆ. ಉಪಗ್ರಹ ಸಂಪರ್ಕ ಬಂದ ಮೇಲೆ ಈ ಸಹಾಯ ಸಣ್ಣ ದೋಣಿಗೂ ಸಲೀಸಾಯಿತು. 1992-93ರ ವಾಂದೆ ಗ್ಲೋಬ್ ಸ್ಪರ್ಧೆಯಲ್ಲಿ ಹಗ್ಗ ಬಡಿದು ನಾಲಗೆ ಸೀಳಿಕೊಂಡ ಬರ್ತ್ರಾಂ ದ ಬ್ರೊಕ್, ವೈದ್ಯ ಜಾನ್-ಈವ್ ಶೋವ್ ಟೆಲೆಕ್ಸ್‌ನಲ್ಲಿ ಕಳಿಸಿದ ಸೂಚನೆಗಳಂತೆ ಕನ್ನಡಿ ನೋಡಿಕೊಂಡು ಹೊಲಿಗೆ ಹಾಕಿಕೊಂಡರು.

1998ರಲ್ಲಿ ರಷ್ಯಾದ ವಿಕ್ಟರ್ ಯಾಜಿಕೊವ್ ಮೊಣಕೈಯ ಕುರುವನ್ನು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ತಾವೇ ಕೊಯ್ದುಕೊಂಡರು. ಹೆಜ್ಜೆ ಹೆಜ್ಜೆಯ ವಿವರವನ್ನು ಬಾಸ್ಟನ್‌ನ ವೈದ್ಯ ಡೇನಿಯಲ್ ಕಾರ್ಲಿನ್ ಇ-ಮೇಲ್‌ನಲ್ಲಿ ಬರೆದಿದ್ದರು. ಆದರೆ ರಕ್ತ ನಿಲ್ಲಲಿಲ್ಲ. ಮೊದಲೇ ನುಂಗಿದ್ದ ಆಸ್ಪಿರಿನ್ ಅದನ್ನು ಹೆಪ್ಪುಗಟ್ಟಲು ಬಿಟ್ಟಿರಲಿಲ್ಲ. ರಾತ್ರಿ ವಿದ್ಯುತ್ ಸಾಲದೆ ಸಂಪರ್ಕವೂ ಕಡಿದಿತ್ತು. ಅವರು ಎಲಾಸ್ಟಿಕ್ ಹಗ್ಗದಿಂದ ತೋಳನ್ನು ಬಿಗಿದಾಗ ರಕ್ತವೇನೋ ನಿಂತಿತು, ಕೈ ಬಿಳಿಚಿ ತಣ್ಣಗಾಯಿತು. ಕೊನೆಗೆ ತಲುಪಿದ ಸಂದೇಶದಲ್ಲಿ ಕಟ್ಟು ಸಡಿಲಿಸಿ ಗಾಯವನ್ನು ಒತ್ತಿ ಹಿಡಿಯುವಂತೆ ಸೂಚನೆಯಿತ್ತು. ಅವರು ಕೈ ಉಳಿಸಿಕೊಂಡು ಕೇಪ್‌ಟೌನ್ ಸೇರಿದರು. ಏನೇನು ಮಾತ್ರೆ ತೆಗೆದುಕೊಂಡಿದ್ದೀರಿ ಎಂಬ ಪ್ರಶ್ನೆಗೆ ಸಿಗುವ ಉತ್ತರ ಶಸ್ತ್ರಚಿಕಿತ್ಸೆಯ ವಿವರದಷ್ಟೇ ಮುಖ್ಯ ಎಂಬುದನ್ನು ಈ ಪ್ರಕರಣ ತೋರಿಸಿತು.

ರಕ್ಷಣೆ ಮತ್ತು ಕಾಯುವಿಕೆ

ದೂರದ ಸಲಹೆ ಎಲ್ಲ ಗಾಯಕ್ಕೂ ಸಾಲದು. 2008ರ ಡಿಸೆಂಬರ್‌ನಲ್ಲಿ ವಾಂದೆ ಗ್ಲೋಬ್ ಸ್ಪರ್ಧೆಯ ನಡುವೆ ಆಸ್ಟ್ರೇಲಿಯಾದ ದಕ್ಷಿಣಕ್ಕೆ ತೊಡೆಮೂಳೆ ಮುರಿದುಕೊಂಡ ಯಾನ್ ಎಲಿಯೆಸ್, ನೌಕಾಪಡೆಯ 'ಅರುಂಟಾ' ಹಡಗು ಬರುವವರೆಗೆ ಎರಡು ದಿನ ಕ್ಯಾಬಿನ್ನಿನಲ್ಲಿ ಬಿದ್ದಿರಬೇಕಾಯಿತು. ಸಹಸ್ಪರ್ಧಿ ಮಾರ್ಕ್ ಗಿಯೆಮೊ ತಮ್ಮ ದಾರಿ ಬಿಟ್ಟು ಬಂದು ಅವರ ಸುತ್ತಲೇ ಕಾವಲಿದ್ದರು.

ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ಗೋವಾದಲ್ಲಿ ಕಟ್ಟಿದ 'ಸುಹೈಲಿ' ಮಾದರಿಯ 'ತುರೀಯಾ' ದೋಣಿಯಲ್ಲಿದ್ದರು. ಸೆಪ್ಟೆಂಬರ್ 21ರ ಬಿರುಗಾಳಿಗೆ ದೋಣಿ ಮಗುಚಿ, ಕೂವೆಮರ ಮುರಿದು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ನಡೆಯುವುದು ತುಂಬ ಕಷ್ಟ, ಸ್ಟ್ರೆಚರ್ ಬೇಕಾಗಬಹುದು ಎಂಬ ಪುಟ್ಟ ಸಂದೇಶವೇ ರಕ್ಷಕರಿಗೆ ದಾರಿಯಾಯಿತು. ಭಾರತೀಯ ನೌಕಾಪಡೆಯ ವಿಮಾನ ದೋಣಿಯನ್ನು ಪತ್ತೆ ಹಚ್ಚಿತು. 24ರಂದು ಫ್ರಾನ್ಸಿನ 'ಒಸಿರಿಸ್' ಗಸ್ತುನೌಕೆ ಅವರನ್ನು ಎತ್ತಿಕೊಂಡು ಆಮ್‌ಸ್ಟರ್‌ಡ್ಯಾಮ್ ದ್ವೀಪಕ್ಕೆ ಒಯ್ದಿತು. ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸಿಕೊಂಡ ಟೋಮಿ 2022-23ರ ಅದೇ ಸ್ಪರ್ಧೆಯನ್ನು ಎರಡನೆಯವರಾಗಿ ಮುಗಿಸಿದರು.

ಇಂದಿನ ಪದ್ಧತಿ

ಈಗ ದೂರಯಾನಕ್ಕೆ ಹೊರಡುವವರು ಹಲ್ಲಿನ ಹುಳುಕಿಗೆ ಮೊದಲೇ ಚಿಕಿತ್ಸೆ ಪಡೆಯುತ್ತಾರೆ, ಪ್ರಥಮ ಚಿಕಿತ್ಸೆಯ ತರಬೇತಿ ಮಾಡಿಕೊಳ್ಳುತ್ತಾರೆ, ಆಂಟಿಬಯಾಟಿಕ್, ನೋವುನಿವಾರಕ, ಹೊಲಿಗೆಯ ಸಾಮಗ್ರಿಗಳನ್ನು ವೈದ್ಯರ ಸಲಹೆಯಂತೆ ಒಯ್ಯುತ್ತಾರೆ. ಕಾಯಿಲೆ ಬಿದ್ದಾಗ ಮಾಡುವ ಕೆಲಸಗಳ ಕ್ರಮ ಮಾತ್ರ ಬ್ಲೈ, ಸ್ಲೋಕಮ್‌ರ ಕಾಲದಿಂದ ಹೆಚ್ಚು ಬದಲಾಗಿಲ್ಲ: ಶಕ್ತಿ ಉಳಿದಿರುವಾಗಲೇ ಹಾಯಿ ಇಳಿಸಿ ಅಥವಾ ದೋಣಿಯನ್ನು ಗಾಳಿಗೆದುರಾಗಿ ನಿಧಾನಿಸಿ ನಿಲ್ಲಿಸುವುದು, ಮೈ ಬೆಚ್ಚಗಿಟ್ಟು ನೀರು ಕುಡಿಯುವುದು, ತೆಗೆದುಕೊಂಡ ಮದ್ದು ಮತ್ತು ಹೊತ್ತನ್ನು ಬರೆದಿಡುವುದು, ಆಮೇಲೆ ವೈದ್ಯರನ್ನು ಸಂಪರ್ಕಿಸುವುದು. ಉಪಗ್ರಹ ಫೋನು ವೈದ್ಯರ ಮಾತನ್ನು ಕ್ಷಣದಲ್ಲಿ ತಲುಪಿಸಿದರೂ ಹಡಗು ಬರಲು ದಿನಗಳೇ ಬೇಕು. ಆ ದಿನಗಳನ್ನು ರೋಗಿ ಮತ್ತು ದೋಣಿ ಇಬ್ಬರೇ ಕಳೆಯಬೇಕಾಗಿರುವುದರಿಂದ, ಯಾನದ ಸಿದ್ಧತೆಯಲ್ಲಿ ದೋಣಿಯ ತಪಾಸಣೆಯನ್ನೂ ಆರೋಗ್ಯದ ತಪಾಸಣೆಯ ಭಾಗವೆಂದೇ ಅನುಭವಿ ನಾವಿಕರು ಎಣಿಸುತ್ತಾರೆ.