ಲೇಪಾಕ್ಷಿಯ ಮುಖವಿಲ್ಲದ ಭಾವಚಿತ್ರಗಳು

ಭಾವಚಿತ್ರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುಖ. ಪರೀಕ್ಷೆಯ ಪ್ರವೇಶಪತ್ರಕ್ಕೆ ಅಂಟಿಸುವ ಚಿತ್ರದಲ್ಲಿ ಕುತ್ತಿಗೆಯಿಂದ ಕೆಳಗಿನ ಮನುಷ್ಯನಿಗೆ ಸ್ಥಾನವೇ ಇಲ್ಲ. ಆದರೆ ನಮಗೆ ನೆರೆಯದಾದ ಲೇಪಾಕ್ಷಿಯಲ್ಲಿ, 16ನೆಯ ಶತಮಾನದ ಚಿತ್ರಕಾರರು ಮುಖಕ್ಕೆ ಇಷ್ಟು ಬೆಲೆಯನ್ನು ಕೊಡದೆಯೇ ಮನುಷ್ಯರನ್ನು ಬರೆದರು. ನೋಡಿದವರು ಇಂಥವನೆಂದು ಗುರುತಿಸಿದರು. ಅನಂತರ ಕಾಲವು ಅನೇಕ ಮುಖಗಳನ್ನು ನಿಜವಾಗಿಯೇ ಅಳಿಸಿತು. ಗುರುತು ಮಾತ್ರ ಬಹುಮಟ್ಟಿಗೆ ಉಳಿದಿದೆ. ಇದು ಹೇಗೆ ಸಾಧ್ಯವಾಯಿತೆಂಬುದು ವಿಚಾರಾರ್ಹವಾದ ಸಂಗತಿ.

ರತ್ನಗಿರಿ, ಮಡಕಶಿರಾ ಸೀಮೆಯವರಾದ ನಮಗೆ ಪ್ರಾಚೀನ ಕಲೆ ಅಪರಿಚಿತವಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇಲ್ಲಿಯೇ ಇದೆ. ರತ್ನಗಿರಿಯ ಕೋಟೆಯೂ, ಶಿರಾ ಪಟ್ಟಣಕ್ಕೆ ಅಡಿಪಾಯ ಹಾಕಿದ ರತ್ನಗಿರಿಯ ರಂಗಪ್ಪನಾಯಕನ ಹೆಸರೂ ನಮ್ಮ ಮಕ್ಕಳಿಗೆ ಗೊತ್ತಿರತಕ್ಕವು. ಆದರೆ ಇವೆಲ್ಲ ಕಲ್ಲಿನ ಕೆಲಸ. ಬಣ್ಣದ ಕೆಲಸವನ್ನು ನೋಡಬೇಕಾದರೆ ಹಿಂದೂಪುರವನ್ನು ದಾಟಿ ಇನ್ನೂ ಸುಮಾರು 15 ಕಿಲೋಮೀಟರು ಹೋಗಬೇಕು. ಹಿಂದೆ ಅನಂತಪುರ ಜಿಲ್ಲೆಗೆ ಸೇರಿದ್ದ ಈ ಭಾಗವು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತದ ಗೆರೆಗಳು ಎಷ್ಟು ಸಲ ಬದಲಾದರೂ ಲೇಪಾಕ್ಷಿಯ ಕನ್ನಡ ಶಾಸನಗಳು ಇದ್ದಲ್ಲಿಯೇ ಇವೆ.

ಕೂರ್ಮಶೈಲವೆಂಬ ಬಂಡೆಯ ಮೇಲಿರುವ ವೀರಭದ್ರ ದೇವಾಲಯವನ್ನು ವಿಜಯನಗರದ ಅಚ್ಯುತರಾಯನ (1529-1542) ಕಾಲದಲ್ಲಿ ಪೆನುಗೊಂಡೆಯ ಅಧಿಕಾರಿ ವಿರುಪಣ್ಣನೂ ಅವನ ಸೋದರ ವೀರಣ್ಣನೂ ಕಟ್ಟಿಸಿದರು. ನಾಟ್ಯಮಂಟಪದ ಮೇಲ್ಚಾವಣಿಯಲ್ಲಿ ಪಾರ್ವತೀ ಕಲ್ಯಾಣ, ಕಿರಾತಾರ್ಜುನೀಯ, ಶ್ರೀರಾಮ ಪಟ್ಟಾಭಿಷೇಕ ಮೊದಲಾದ ಕಥೆಗಳಿವೆ. ಒಳಮಂಟಪದಲ್ಲಿ 20 ಅಡಿಗೂ ಮೀರಿದ ಉದ್ದದ ವೀರಭದ್ರನಿದ್ದಾನೆ. ದೇವಾಲಯವನ್ನು ಕಟ್ಟಿಸಿದ ಸೋದರರಿಬ್ಬರೂ ತಮ್ಮ ಪರಿವಾರದೊಡನೆ ಭಕ್ತಿಯಿಂದ ನಿಂತು ಕುಲದೇವರ ವಿಭೂತಿಯನ್ನು ಸ್ವೀಕರಿಸುವ ಚಿತ್ರವೂ ಮೇಲ್ಚಾವಣಿಯಲ್ಲಿ ಇದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಇದೇ.

ಈ ಸೋದರರ ಮುಖಗಳನ್ನು ಪರಿವಾರದವರ ಮುಖಗಳೊಡನೆ ಹೋಲಿಸಿ ನೋಡಿದರೆ ಒಂದು ಆಶ್ಚರ್ಯ ಕಾದಿರುತ್ತದೆ. ಪಕ್ಕಕ್ಕೆ ತಿರುಗಿದ ಮುಖ, ಚೂಪಾದ ಮೂಗು, ಅಗಲವಾದ ಕಣ್ಣು: ಎಲ್ಲವೂ ಬಹುಮಟ್ಟಿಗೆ ಒಂದೇ ಅಚ್ಚಿನವು. ಒಡೆಯನ ಮೂಗನ್ನು ಸೇವಕನಿಗೆ ಕೊಟ್ಟರೂ ಯಾರಿಗೂ ತಿಳಿಯದು. ವಿರುಪಣ್ಣನನ್ನು ತೋರಿಸಿಕೊಡುವುದು ಅವನ ತಲೆಯ ಮೇಲಿನ ಉದ್ದನೆಯ ಕುಲಾವಿ (ಕುಳ್ಳಾಯಿ ಎಂದೂ ಹೇಳುವರು), ಮೈಮೇಲಿನ ಉಡುಪು ಒಡವೆಗಳು, ಜೋಡಿಸಿದ ಕೈ, ಗುಂಪಿನಲ್ಲಿ ಅವನು ನಿಂತಿರುವ ಸ್ಥಾನ. ಈ ಟೋಪಿ ಆ ಕಾಲದಲ್ಲಿ ಬರಿಯ ಅಲಂಕಾರವಾಗಿರಲಿಲ್ಲ. ವಿಜಯನಗರದ ಆಸ್ಥಾನದಲ್ಲಿ ಕಬಾಯಿಯೂ ಕುಲಾವಿಯೂ ಪದವಿಯ ಲಾಂಛನಗಳಾಗಿದ್ದುವು.

ಇದು ಚಿತ್ರಕಾರನ ಅಶಕ್ತಿಯಿಂದ ಆದುದೆಂದು ಕೆಲವರು ಹೇಳಬಹುದು. ನಾವು ಒಪ್ಪುವುದಿಲ್ಲ. ಅದೇ ದೇವಾಲಯದ ಸ್ತ್ರೀಯರ ಸೀರೆಗಳನ್ನು ನೋಡಿರಿ: ಅಂಚು, ಸೆರಗು, ಹೂವು, ಪಟ್ಟೆ, ಚೌಕುಳಿ ಇವುಗಳ ವೈವಿಧ್ಯಕ್ಕೆ ಎಣೆಯಿಲ್ಲ. ಇಂದಿಗೂ ನೇಕಾರರು ಲೇಪಾಕ್ಷಿ ವಿನ್ಯಾಸವೆಂದು ಹೆಸರಿಸಿ ಅವನ್ನು ನೇಯುತ್ತಾರೆ. ಕಿರಾತಾರ್ಜುನೀಯದ ಹಂದಿಯನ್ನು ನೋಡಿರಿ. ಅದರ ಆವೇಶದ ಅರ್ಧವೂ ದಾನಿಗಳ ಮುಖದಲ್ಲಿ ಇಲ್ಲ! ಹಂದಿಗೆ ಜೀವ ತುಂಬಬಲ್ಲ ಕೈಗೆ ಅಧಿಕಾರಿಯ ಮುಖವನ್ನು ಹೋಲಿಸಿ ಬರೆಯಲು ಬಾರದೆಂದರೆ ನಂಬುವುದು ಹೇಗೆ? ಬಾರದೆ ಅಲ್ಲ, ಬೇಡವೆಂದೇ ಬಿಟ್ಟರೆನ್ನಬೇಕು.

ಹೋಲಿಕೆಯ ಚಿತ್ರವೆಂದರೇನೆಂಬುದು ಕನ್ನಡ ನಾಡಿನವರಿಗೆ ಅದಕ್ಕೆ 400 ವರ್ಷಗಳ ಹಿಂದೆಯೇ ತಿಳಿದಿತ್ತು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಗಳನ್ನು ವಿಂಗಡಿಸಿದ್ದಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧಚಿತ್ರ. ಆಕಾರಮಾತ್ರವನ್ನು ಹಿಡಿದು ಕಲ್ಪನೆಯಿಂದ ಬರೆದದ್ದು ಅವಿದ್ಧಚಿತ್ರ. ಲೇಪಾಕ್ಷಿಯವರು ಮನುಷ್ಯರ ವಿಷಯದಲ್ಲಿ ಎರಡನೆಯ ದಾರಿಯನ್ನು ಹಿಡಿದರೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಸಾಮ್ರಾಟನ ಸಾಕ್ಷ್ಯವೇ ದೊರೆಯುತ್ತದೆ. ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯನೂ ಅವನ ರಾಣಿಯರಾದ ತಿರುಮಲಾದೇವಿ, ಚಿನ್ನಾದೇವಿಯರೂ ಕೈಮುಗಿದು ನಿಂತಿರುವ ಲೋಹದ ಪ್ರತಿಮೆಗಳಿವೆ. ರಾಯನ ತಲೆಯ ಮೇಲೆ ಅದೇ ಬಗೆಯ ಉದ್ದನೆಯ ಕುಲಾವಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ ಪ್ರವಾಸಿ ದೊಮಿಂಗೊ ಪಾಯೆಸ್ ರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಮಧ್ಯಮ ಎತ್ತರ, ಗೌರವರ್ಣ, ಸ್ವಲ್ಪ ತುಂಬಿದ ಮೈಕಟ್ಟು, ಮುಖದ ಮೇಲೆ ಸಿಡುಬಿನ ಕಲೆಗಳು. ತಿರುಮಲೆಯ ಪ್ರತಿಮೆಯ ಕೆನ್ನೆಯಲ್ಲಿ ಆ ಕಲೆಗಳಿಲ್ಲ, ಅದು ನುಣುಪಾಗಿದೆ. ಇಂಥವನೆಂದು ತಿಳಿಸಲು ಶಿಲ್ಪಿಯು ಪ್ರತಿಮೆಯ ಮೇಲೆ ಹೆಸರನ್ನೇ ಕೆತ್ತಿದ್ದಾನೆ. ಹೊರಗಿನಿಂದ ಬಂದವನು ಮುಖವನ್ನು ಬರೆದುಕೊಂಡನು. ನಮ್ಮವನು ಮುಖವನ್ನು ಬಿಟ್ಟು ಭಕ್ತಿಯನ್ನೂ ಪದವಿಯನ್ನೂ ಹಿಡಿದನು. ಎರಡೂ ನಿಜವೇ.

ನಮ್ಮ ಊರುಗಳ ಹೊರಗೆ ನಿಂತ ಮಾಸ್ತಿಕಲ್ಲುಗಳಲ್ಲಿ ಈ ಪದ್ಧತಿ ಇನ್ನೂ ಮುಂದೆ ಹೋಗಿದೆ. ಅವುಗಳಲ್ಲಿ ಹಲವಕ್ಕೆ ಒಂದು ಕಂಬ, ಕಂಬದಿಂದ ಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಚಿದ ಒಂದು ತೋಳು, ತೋಳಿನಲ್ಲಿ ಬಳೆ, ಇಷ್ಟೇ ಸಾಕಾಯಿತು. ಸುಟ್ಟುಹೋದ ಹೆಣ್ಣಿಗೆ ಮುಖವನ್ನೂ ಉಳಿಸಲಿಲ್ಲವಲ್ಲಾ ಎಂದು ಅದನ್ನು ನೋಡಿದಾಗಲೆಲ್ಲ ನಮಗೆ ಕಸಿವಿಸಿಯಾಗುತ್ತದೆ. ವಿರುಪಣ್ಣನ ಮುಖ ಹೋದರೂ ಅವನ ಹೆಸರು ಇದೆ. ಅವಳಿಗೆ ಬಹುತೇಕ ಅದೂ ಇಲ್ಲ.

ಇನ್ನು ಕಾಲವು ಅಳಿಸಿದ ಮುಖಗಳ ಮಾತು. ಲೇಪಾಕ್ಷಿಯಲ್ಲಿ ಬಣ್ಣವಿರುವುದು ಕಲ್ಲಿನ ಮೇಲಲ್ಲ, ಕಲ್ಲಿಗೆ ಬಳಿದ ಸುಣ್ಣದ ಗಾರೆಯ ಮೇಲೆ. ಕೆಂಪು ಮತ್ತು ಹಳದಿ ಕಾವಿಮಣ್ಣು, ಸುಣ್ಣದ ಬಿಳುಪು, ಮಸಿಯ ಕಪ್ಪು, ಸ್ವಲ್ಪ ಹಸುರು, ಇವೇ ಅಲ್ಲಿಯ ಮುಖ್ಯ ಬಣ್ಣಗಳು. ಗಟ್ಟಿಯಾದ ಬಂಡೆಯು ಗಾರೆಯನ್ನು ಹೀರಿಕೊಳ್ಳುವುದಿಲ್ಲ. ಚರ್ಮದಂತೆ ಹೊರಗೆ ಹಿಡಿದಿರುತ್ತದೆ. ಚಾವಣಿಯ ಸಂದಿನಿಂದ ಮಳೆಯ ನೀರು ಜಿನುಗಿದರೆ ಅದು ಬಿರಿದು ಹಕ್ಕಳೆಯಾಗಿ ಉದುರುತ್ತದೆ. ಕಣ್ಣು, ಹುಬ್ಬು, ತುಟಿಗಳ ಸಣ್ಣ ಗೆರೆಗಳು ಎಲ್ಲಕ್ಕೂ ಕೊನೆಗೆ, ಎಲ್ಲಕ್ಕೂ ತೆಳುವಾಗಿ ಬಿದ್ದವು. ಆದುದರಿಂದ ಅವೇ ಬೇಗ ಮಾಸುವುವು. ಹೀಗೆ ಅಳಿದ ಕಡೆ ಆಕೃತಿಯಿದೆ, ಸೆರಗಿದೆ, ಮುಖವಿದ್ದಲ್ಲಿ ಒಂದು ಬಿಳಿಯ ಬೋಳು.

ಕಣ್ಣಿನ ಕಥೆಯೊಂದು ಇಲ್ಲಿ ಜನಜನಿತವಾಗಿದೆ. ಬೊಕ್ಕಸದ ಹಣವನ್ನು ಗುಡಿಗೆ ವೆಚ್ಚಮಾಡಿದನೆಂದು ರಾಯನು ವಿರುಪಣ್ಣನ ಕಣ್ಣುಗಳನ್ನು ಕೀಳಿಸಲು ಆಜ್ಞೆ ಮಾಡಿದನಂತೆ. ವಿರುಪಣ್ಣನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಮುಗಿಯದೆ ನಿಂತ ಕಲ್ಯಾಣಮಂಟಪದ ಹತ್ತಿರ ಗೋಡೆಯಲ್ಲಿ ಎರಡು ಕೆಂಪು ಕಲೆಗಳನ್ನು ತೋರಿಸುವರು. ಇದಕ್ಕೆ ಶಾಸನಾಧಾರವನ್ನು ಹುಡುಕುವುದು ವ್ಯರ್ಥ. ಆದರೆ ಜನರು ಈ ಮನುಷ್ಯನನ್ನು ನೆನೆಯಲು ಅವನ ಮುಖವನ್ನಲ್ಲ, ಮುಖದಿಂದ ಹೋದುದನ್ನು ಹಿಡಿದುಕೊಂಡರೆಂಬುದು ಗಮನಾರ್ಹ.

ಅಳಿದ ಮುಖಗಳನ್ನು ಮತ್ತೆ ಬರೆಸಿದರೆ ಚೆನ್ನಾಗಿರುತ್ತದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕೂಡದು. ಮಿಕ್ಕ ಗಾರೆಯ ಅಂಚುಗಳನ್ನು ಭದ್ರಪಡಿಸಿ, ನೀರು ಸೋರದಂತೆ ಚಾವಣಿಯನ್ನು ಸರಿಪಡಿಸುವಷ್ಟೇ ಕೆಲಸ ನಮ್ಮದು. ಹೊಸದಾಗಿ ಬರೆದರೆ ಆ ಬೋಳಿನಲ್ಲಿ ಮೂಡುವುದು ಕ್ಯಾಲೆಂಡರಿನ ಮುಖವೇ ಹೊರತು ಹಳೆಯದಲ್ಲ.

ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಉಪಾಧ್ಯಾಯರಿಗೆ ಒಂದು ಸೂಚನೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದೊಡನೆ ಏನೂ ಕಾಣುವುದಿಲ್ಲ. ನೆಲದ ಮೇಲೆ ಕುಳ್ಳಿರಿಸಿ, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾಯಬೇಕು. ಮೊದಲು ಕಾಣುವುದು ಬಿಳಿಯ ಬಟ್ಟೆಗಳು, ಆಮೇಲೆ ಕುಲಾವಿಗಳ ಸಾಲು.