ಆತಕೂರಿನ ಶಾಸನವೂ ಕೆರೆಯ ಕೆಳಗಣ ಭೂಮಿಯೂ

ಮದ್ದೂರು ಸೀಮೆಯ ಪ್ರಾಚೀನ ಸಮಾಜವು ನೆಲದ ಸ್ವರೂಪ, ಅರಸರ ದತ್ತಿ ಇವೆರಡರಿಂದ ರೂಪುಗೊಂಡುದು. ಸೋಮನಹಳ್ಳಿಯ ಸುತ್ತಣ ಕೆಂಪುನೆಲವು ಏರುತಗ್ಗುಗಳಿಂದ ಕೂಡಿದೆ. ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷೆಯು ಮದ್ದೂರಿನ ಮಗ್ಗುಲಲ್ಲಿಯೇ ಹರಿದು ಕಾವೇರಿಯನ್ನು ಸೇರುವುದಾದರೂ, ಅದರ ನೀರು ಎತ್ತರದ ಹೊಲಗಳಿಗೆ ತಾನಾಗಿ ಏರದು. ಆದಕಾರಣ ತಗ್ಗಿಗೆ ಅಡ್ಡಲಾಗಿ ಏರಿಯನ್ನು ಕಟ್ಟಿ ಮಳೆಯ ನೀರನ್ನು ನಿಲ್ಲಿಸಿದಲ್ಲಿಯೇ ಗದ್ದೆ, ಗದ್ದೆಯಿದ್ದಲ್ಲಿಯೇ ಊರು.

ತಲಕಾಡಿನ ಗಂಗರ ಕಾಲದ ಈ ಸ್ಥಿತಿಗೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು ಸಾಕ್ಷಿಯಾಗಿದೆ. ಕ್ರಿ.ಶ. 949-50ರ ಈ ಶಿಲಾಲೇಖವು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಗಂಗ ಇಮ್ಮಡಿ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದುದನ್ನೂ, ಬೂತುಗನ ಭಟನಾದ ಮಣಲೇರನ ಪರಾಕ್ರಮವನ್ನೂ ತಿಳಿಸುತ್ತದೆ. ಮಣಲೇರನು ಮೆಚ್ಚಾಗಿ ಬೇಡಿ ಪಡೆದುದು ಕಾಳಿಯೆಂಬ ಬೇಟೆಯ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಮಡಿಯಲು, ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಂಡರೆ, ಸ್ಥಾನವನ್ನಾಳುವ ಗೊರವನು ನಾಯಿಯ ಪಾಪವನ್ನು ಹೊರುವನೆಂದು ವಿಧಿಸಿದೆ.

ಚರಿತ್ರಕಾರರು ಈ ಶಾಸನವನ್ನು ಬಹುಮಟ್ಟಿಗೆ ತಕ್ಕೋಲದ ಯುದ್ಧಕ್ಕಾಗಿಯೇ ಓದಿರುವರು. ಸಮಾಜದ ಇತಿಹಾಸಕ್ಕಾದರೋ ಕಡೆಯ ಪಂಕ್ತಿಗಳೇ ಹೆಚ್ಚು ಬೆಲೆಯುಳ್ಳವು. ದೂರದ ರಣರಂಗದಲ್ಲಿ ಗಳಿಸಿದ ಕೀರ್ತಿಯು ಊರಿನಲ್ಲಿ ನೆಲೆಗೊಳ್ಳಲು ನೀರುಂಟಾದ ಭೂಮಿಯೇ ಆಧಾರವಾಯಿತು. ದೇಗುಲದ ಪೂಜೆಗೂ ಅದೇ ಜೀವನ. ಇಪ್ಪತ್ತನೆಯ ಶತಮಾನದಲ್ಲಿ ಕಾವೇರಿಯ ನಾಲೆಯು ಬರುವವರೆಗೂ ಈ ಸೀಮೆಯ ಗದ್ದೆಗಳಿಗೆ ಕೆರೆಗಳೇ ಮುಖ್ಯಾಧಾರವಾಗಿದ್ದುವು. ಅರಸುಮನೆತನಗಳು ಅಳಿದುವು, ಅವರು ನೀರಿನೊಡನೆ ಬೆಸೆದ ಊರುಗಳು ಉಳಿದುವು.